ನಡುವಿನ ಸಾಲು

ಜೂನ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ಎದುರಿಗೆ ಐದು ನೋಟ್‌ಬುಕ್‌ಗಳಿವೆ. ಹನ್ನೊಂದನೆಯ ವಯಸ್ಸಿನಿಂದ ಹದಿನಾರರವರೆಗೆ ನಾನು ಬರೆದ ದಿನಚರಿಗಳು. ಮೊದಲನೆಯದರ ಲೆಕ್ಕವನ್ನು ನಿನ್ನೆ ಸಂಜೆ ಎರಡು ಸಲ ಮಾಡಿದೆ. ಎರಡು ಸಲವೂ ಒಂದೇ ಬಂತು. ಪೂರ್ತಿ ಗೀಟು ನೂರಾ ಹನ್ನೆರಡು, ಅರ್ಧ ಗೀಟು ಎಂಬತ್ತೇಳು, ಸೊನ್ನೆ ಮೂವತ್ತೊಂದು. ಈ ಗುರುತುಗಳ ಅರ್ಥ ಇಲ್ಲಿಯವರೆಗೆ ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾದವಳಿಗೆ ಹೇಳುವ ಹೊತ್ತು ಮುಗಿದು ಮೂರು ವರ್ಷವಾಯಿತು.

ಇವತ್ತೇ ಬರೆಯಲು ಒಂದು ಕಾರಣವಿದೆ. ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಜನರ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ನಿನ್ನೆ ಮಧ್ಯಾಹ್ನ ಬಬಲೇಶ್ವರದ ಕಡೆಯ ಹಿರಿಯರೊಬ್ಬರು ಬಂದು, ಮಡಿಕೆ ಬಿಚ್ಚದ ಒಂದು ಕಾಗದವನ್ನು ನನ್ನ ಮುಂದಿಟ್ಟರು.

"ಕೆಳಗ ತಕರಾರ ಏನಿಲ್ಲ ಅಂತ ಬರೀರಿ ಬಾಯಾರ. ಸೈ ಹಾಕ್ತೀನಿ."

ನಾನು ಪೆನ್ನು ಕೆಳಗಿಟ್ಟೆ. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದೆ.

"ಎಷ್ಟ ಸಲ ಓದ್ತೀರಿ? ನನ್ನ ಬಸ್ಸ ಹೋಕ್ಕೈತಿ. ನಿಮಗೇನ್ ಪರೀಕ್ಷಾ ಐತೇನ್ರಿ?" ಎಂದು ಅವರು ನಕ್ಕರು. ಹಿಂದೆ ನಿಂತವರೂ ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ಮನೆಗೆ ಬಂದವಳೇ ಅಟ್ಟದ ಮೇಲಿನ ಟ್ರಂಕು ಇಳಿಸಿ ನೋಟ್‌ಬುಕ್‌ಗಳನ್ನು ತೆಗೆದೆ.

ನಾನು ಬೆಳೆದದ್ದು ವಿಜಯಪುರದ ಜೋರಾಪುರ ಪೇಟೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಒಳಗಿನದು ಅಡುಗೆಗೆ ಮತ್ತು ಸ್ನಾನಕ್ಕೆ; ಹೊರಗಿನದು ಉಳಿದೆಲ್ಲದಕ್ಕೆ. ಹೊರಗಿನ ಕೋಣೆಯ ಗೋಡೆಯ ಮೇಲೆ ಕಣ್ಣು ಮುಚ್ಚಿದ ಬುದ್ಧನ ಪಟವಿತ್ತು. ಅದರ ಮಗ್ಗುಲಿಗೆ ನೀಲಿ ಕೋಟು ತೊಟ್ಟು, ದಪ್ಪ ಪುಸ್ತಕವನ್ನು ಎದೆಗೆ ಹಿಡಿದು ನಿಂತವರ ಪಟ. ಆಯಿ, ಅಂದರೆ ಅಪ್ಪನ ತಾಯಿ, ಅವರನ್ನು ಹೆಸರು ಹಿಡಿದು ಕರೆದವಳಲ್ಲ. 'ಸಾಹೇಬ್ರು' ಅನ್ನುತ್ತಿದ್ದಳು, ಈಗಷ್ಟೇ ಹೊರಗೆ ಹೋಗಿದ್ದಾರೆ, ಚಹಾದ ಹೊತ್ತಿಗೆ ಬರುತ್ತಾರೆ ಎನ್ನುವ ಹಾಗೆ. ಆ ಪಟದ ಕೆಳಗೆ ಮನೆಯ ಒಂದೇ ಒಂದು ಕುರ್ಚಿ ಇತ್ತು. ಅದರಲ್ಲಿ ಕೂರುವ ಹಕ್ಕು ಓದುವವರಿಗೆ ಮಾತ್ರ. ಅಪ್ಪ ಕೂಡ ಬರಿಗೈಯಲ್ಲಿದ್ದರೆ ನೆಲದ ಮೇಲೆಯೇ ಕೂರುತ್ತಿದ್ದ. ಓಣಿಯ ಮೂಲೆಯ ಚಹಾದಂಗಡಿಯಿಂದ ಹಿಂದಿನ ದಿನದ ಪೇಪರ್ ನಮ್ಮ ಮನೆಗೆ ಬರುತ್ತಿತ್ತು, ಮಡಿಕೆಯಲ್ಲಿ ಚಹಾದ ಕಲೆಯ ಸಮೇತ. ಹೀಗಾಗಿ ನಮಗೆ ಲೋಕದ ಸುದ್ದಿ ಒಂದು ದಿನ ತಡ. ಆಯಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ತಡವಾದರೇನು, ಪೂರ್ತಿ ಬಂದರಾಯಿತು ಎಂಬುದು ಅವಳ ಲೆಕ್ಕ.

ಅಪ್ಪನಿಗೆ ಒಣದ್ರಾಕ್ಷಿ ಇಡುವ ಗೋದಾಮಿನಲ್ಲಿ ಕಾವಲು ಕೆಲಸ. ನನಗೆ ಹನ್ನೊಂದು ತುಂಬಿದ ವರ್ಷ ಅವನ ಪಾಳಿ ಮಧ್ಯಾಹ್ನಕ್ಕೆ ಬದಲಾಯಿತು. ಅವ್ವ ಆಸ್ಪತ್ರೆಯ ಕೆಲಸ ಮುಗಿಸಿ ಬರುವಾಗ ಏಳು ಗಂಟೆ. ಅಲ್ಲಿಗೆ, ಓದು ಬಾರದ ಆಯಿಗೆ ಪೇಪರ್ ಓದಿ ಹೇಳುವ ಕುರ್ಚಿ ಅಪ್ಪನಿಂದ ನನ್ನ ಪಾಲಿಗೆ ಬಂತು. ಮೊದಲ ದಿನ ಅದರಲ್ಲಿ ಕೂತಾಗ ನನ್ನ ಕಾಲು ನೆಲಕ್ಕೆ ಮುಟ್ಟಲಿಲ್ಲ. ನಾಲ್ಕೂವರೆಗೆ ಆಯಿ ಕೈಕಾಲು ತೊಳೆದುಕೊಂಡು, ಮೊರದಲ್ಲಿ ಜೋಳ ಹಾಕಿಕೊಂಡು ಎದುರಿಗೆ ಕೂರುತ್ತಿದ್ದಳು. ಮಗ್ಗುಲು ಮನೆಯ ಚಂದವ್ವ ಅರ್ಧ ಕಪ್ ಚಹಾ ಹಿಡಿದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಚಂದವ್ವನದು ಸುಲಭದ ಕಿವಿ. ಏನು ಓದಿದರೂ 'ಹೌದೇನ್ ಬೇ' ಅನ್ನುತ್ತಿದ್ದಳು. ಆಯಿ ಹಾಗಲ್ಲ. ಅವಳ ಕೈ ಜೋಳದಲ್ಲಿನ ಹರಳು ಆರಿಸುತ್ತಿದ್ದರೆ, ಬಾಯಿ ನನ್ನ ಓದಿನಲ್ಲಿನ ಹರಳು ಆರಿಸುತ್ತಿತ್ತು.

"ನೀರಿಂದು ಮೀಟಿಂಗ್ ಆತಂತ ಆಯಿ."

"ಯಾರ್ ಮಾಡಿದ್ರು?"

"ದೊಡ್ಡವರು."

"ದೊಡ್ಡವರಿಗೆ ಹೆಸರ ಇರಂಗಿಲ್ಲೇನ್? ಯಾವ ಓಣಿಗೆ ಬಿಡ್ತಾರಂತ, ಎಂದ ಬಿಡ್ತಾರಂತ, ಅದನ್ನ ಓದ."

"ಅದನ್ನ ಬರದಿಲ್ಲ."

"ಬರದಿಲ್ಲೋ, ನೀ ಓದಿಲ್ಲೋ?"

ಬಹಳ ಸಲ ನಾನೇ ಓದಿರುತ್ತಿರಲಿಲ್ಲ. ಐದು ಗಂಟೆಗೆ ಚಂದವ್ವನ ಮನೆಯ ಟಿವಿಯಲ್ಲಿ ನನ್ನ ಕಾರ್ಟೂನು ಬರುತ್ತಿತ್ತು. ಆಯಿಯ ಪ್ರಶ್ನೆಗಳಿಂದ ಅದರ ಮೊದಲರ್ಧ ತಪ್ಪಿಹೋಗುತ್ತಿತ್ತು. ಅಪ್ಪನಿಗೆ ದೂರು ಹೇಳಲು ಪುರಾವೆ ಬೇಕೆಂದು ಆಯಿ ದಿನಕ್ಕೆ ಎಷ್ಟು ಪ್ರಶ್ನೆ ಕೇಳಿದಳು ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯಲು ಶುರು ಮಾಡಿದೆ. ಏಳು, ಒಂಬತ್ತು, ಹನ್ನೊಂದು. ಒಂದು ದಿನ ಹದಿನಾಲ್ಕು. ಅದರ ಪಕ್ಕದಲ್ಲೇ ನನ್ನ ಗುರುತು. ಸುದ್ದಿಯನ್ನು ಪೂರ್ತಿ ಓದಿದ್ದರೆ ಪೂರ್ತಿ ಗೀಟು. ತಲೆಬರಹ ಮತ್ತು ಕೊನೆಯ ಸಾಲು ಮಾತ್ರ ಓದಿದ್ದರೆ ಅರ್ಧ ಗೀಟು. ಏನೂ ಓದದೆ ಬಾಯಿಗೆ ಬಂದದ್ದನ್ನು ಹೇಳಿದ್ದರೆ ಸೊನ್ನೆ. ಆ ವಯಸ್ಸಿನಲ್ಲಿ ಸುಳ್ಳು ಹೇಳಲು ನನಗೆ ಅಳುಕಿರಲಿಲ್ಲ, ಆದರೆ ಸುಳ್ಳಿನ ಲೆಕ್ಕ ತಪ್ಪಬಾರದು ಎಂಬ ಶಿಸ್ತು ಇತ್ತು. ಆ ಶಿಸ್ತನ್ನು ಎಲ್ಲರೂ ಹೊಗಳುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಸೊನ್ನೆಯ ಕಥೆ ಹೇಳಲೇಬೇಕು. ಪೇಪರಿನಲ್ಲಿ ಬಸ್ಸಿನ ಬಗ್ಗೆ ಏನೋ ಇತ್ತು. ನಾನು ಅದನ್ನು ಓದದೆ, ಕಾಖಂಡಕಿಗೆ ಬೆಳಿಗ್ಗೆ ಎಂಟಕ್ಕೆ ಹೊಸ ಬಸ್ಸು ಬಿಟ್ಟಿದ್ದಾರೆ ಎಂದೆ. ಕಾಖಂಡಕಿ ಚಂದವ್ವನ ತವರು. ಮರುದಿನ ಅವಳು ಕೈಚೀಲದಲ್ಲಿ ಉಂಡಿ ಕಟ್ಟಿಕೊಂಡು ಹೋಗಿ, ಎರಡು ತಾಸು ನಿಂತು, ಬೈದುಕೊಳ್ಳುತ್ತ ತಿರುಗಿ ಬಂದಳು.

"ಯಾವ ಪೇಪರಬೇ ನಿಂದು? ಬಸ್ಸ ಇಲ್ಲ, ಬಸ್ಸಿನ ಧೂಳೂ ಇಲ್ಲ!"

ನಾನು ಬಾಗಿಲ ಹಿಂದೆ ನಿಂತು ನಗುತ್ತಿದ್ದೆ. ಆಯಿ ನನ್ನ ಕಡೆ ನೋಡಲಿಲ್ಲ.

"ನಾ ತಪ್ಪ ಕೇಳಿಸ್ಕೊಂಡಿರಬೇಕ ಚಂದವ್ವ. ಕಿವಿ ಮಂದ ಆಗ್ಯಾವ. ಉಂಡಿ ಇಲ್ಲೇ ತಿನ್ನೂಣು ಬಾ" ಎಂದಳು. ಅವಳ ಕಿವಿ ಮಂದವಾಗಿರಲಿಲ್ಲ. ಮೂರು ಮನೆಯಾಚೆ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಹೇಳುತ್ತಿದ್ದ ಕಿವಿ ಅದು. ಅವತ್ತು ನನ್ನ ದಿನಚರಿಯಲ್ಲಿ ಹೀಗಿದೆ: 'ಉಂಡಿ 4.' ಅಷ್ಟೇ.

ಆಯಿ ಬಬಲೇಶ್ವರದಲ್ಲಿ ಹುಟ್ಟಿ, ಟಿಕೋಟಾಕ್ಕೆ ಮದುವೆಯಾಗಿ ಬಂದವಳು. ಅಜ್ಜ ತೀರಿಕೊಂಡ ಮೇಲೆ ನನ್ನನ್ನು ನೋಡಿಕೊಳ್ಳಲೆಂದು ವಿಜಯಪುರಕ್ಕೆ ಬಂದಿದ್ದಳು. ಆದರೆ ಅವಳ ಓಟು ಮಾತ್ರ ಟಿಕೋಟಾದಲ್ಲೇ ಉಳಿದಿತ್ತು. ಹೆಸರನ್ನು ಇಲ್ಲಿಗೆ ತರಿಸುತ್ತೇನೆ ಎಂದು ಅಪ್ಪ ಅಂದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು.

"ಅಂಗಡಿಯಾಗ ನಮಗ ಸಾಮಾನ ದೂರಿಂದ ಒಗೀತಿದ್ರು. ಬಾವಿಗಿ ನಮ್ಮ ಕೊಡ ಮುಟ್ಟಿಸಗೊಡ್ತಿರ್ಲಿಲ್ಲ. ಓಟಿನ ಸಾಲಿನಾಗ ಮಾತ್ರ ನನ್ನ ಮುಂದ ಗೌಡ್ರ ಹೇಣ್ತಿ, ನನ್ನ ಹಿಂದ ದೇಸಾಯ್ರ ಹೇಣ್ತಿ. ನಡುವ ನಾ. ಆ ಸಾಲ ಬಿಟ್ಟ ನಾ ಎಲ್ಲಿಗಿ ಬರ್ಲೊ?"

ಚುನಾವಣೆ ಬಂದರೆ ನೀಲಿ ಅಂಚಿನ ಬಿಳಿ ಸೀರೆ ಹೊರಗೆ ಬರುತ್ತಿತ್ತು. ಬೆಳಗಿನ ಬಸ್ಸಿಗೆ ಟಿಕೋಟಾಕ್ಕೆ ಹೋಗಿ, ಸಂಜೆ ತಿರುಗಿ ಬಂದು, ಕಾಲು ತೊಳೆದು ನೇರವಾಗಿ ಪಟದ ಮುಂದೆ ನಿಲ್ಲುತ್ತಿದ್ದಳು. ಮಸಿ ಹಚ್ಚಿದ ಬೆರಳನ್ನು ಪಟದ ಚೌಕಟ್ಟಿಗೆ ಮುಟ್ಟಿಸಿ, "ಹಾಕಿ ಬಂದೆ ಸಾಹೇಬ್ರ" ಅನ್ನುತ್ತಿದ್ದಳು. ಆಮೇಲೆಯೇ ನೀರು ಕುಡಿಯುವುದು. ನಮ್ಮ ಮನೆಯ ಹಬ್ಬಗಳಲ್ಲಿ ಇದೂ ಒಂದು ಎಂದು ನಾನು ತಿಳಿದಿದ್ದೆ.

ನನಗೆ ಹನ್ನೆರಡು ನಡೆಯುತ್ತಿದ್ದಾಗ, ದ್ರಾಕ್ಷಿಯ ಕಾಲದಲ್ಲಿ, ಟಿಕೋಟಾದ ನೆರೆಮನೆಯ ಮಾರುತಿ ಕಾಕಾ ಒಂದು ಚೀಲ ದ್ರಾಕ್ಷಿ ಮತ್ತು ಒಂದು ಕಾಗದ ತಂದ. ಆಯಿಯ ಹೆಸರಿಗೆ ಬಂದ ಕಾಗದ. ಅಲ್ಲಿನ ಮನೆಯ ಬಾಗಿಲು ಹಾಕಿದ್ದರಿಂದ ಅವನ ಕೈಗೆ ಕೊಟ್ಟಿದ್ದರು. ಕೆಳಗೆ ಬರೆಸಿಕೊಂಡು ಮರಳಿ ಮುಟ್ಟಿಸಬೇಕಂತೆ. ಅವನಿಗೂ ಓದು ಬರುತ್ತಿರಲಿಲ್ಲ, ಐದೂಕಾಲರ ಬಸ್ಸಿಗೆ ತಿರುಗಿ ಹೋಗಬೇಕಿತ್ತು. ಆಗ ಗಂಟೆ ಐದಕ್ಕೆ ಹತ್ತು ನಿಮಿಷ ಕಡಿಮೆ. ನಾನು ಕುರ್ಚಿಯಲ್ಲಿ ಕೂತೆ.

ಕಾಗದದಲ್ಲಿ ಮೂರು ಭಾಗ. ಮೇಲಿನದು, ಮತದಾರರ ಪಟ್ಟಿಯನ್ನು ಸರಿಪಡಿಸಲಾಗುತ್ತಿದೆ ಎಂದು. ಅದನ್ನು ಓದಿದೆ. ಕೆಳಗಿನದು, ತಕರಾರು ಇದ್ದಲ್ಲಿ ಈ ಕೆಳಗೆ ಬರೆದು ಸಹಿ ಮಾಡತಕ್ಕದ್ದು ಎಂದು. ಅದನ್ನೂ ಓದಿದೆ. ನಡುವಿನದು ಒಂದೇ ಉದ್ದನೆಯ ಸಾಲು. 'ಸದರಿಯವರು' ಎಂದು ಶುರುವಾಗುತ್ತಿತ್ತು. ಆ ಪದ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಕುರ್ಚಿಯಲ್ಲಿ ಕೂತವಳಿಗೆ ನಾಚಿಕೆಯಾಯಿತು. ಇಷ್ಟನ್ನೇ ಬರೆದು ನಿಲ್ಲಿಸಿದರೆ ನನಗೆ ಕ್ಷಮೆ ಸಿಗಬಹುದು. ಆದರೆ ನನ್ನ ಕಣ್ಣು ಆ ಸಾಲಿನ ಕೊನೆಯವರೆಗೂ ಹೋಗಿತ್ತು. 'ಹೆಸರನ್ನು ಕೈಬಿಡಲು' ಎಂಬ ಎರಡು ಪದ ಕಂಡಿದ್ದವು. ಮಗ್ಗುಲು ಮನೆಯಲ್ಲಿ ಟಿವಿ ಹಚ್ಚಿದ ಸದ್ದೂ ಕೇಳಿತ್ತು.

"ತಕರಾರ ಇದ್ರ ಬರದ ಕೊಡ್ಬೇಕಂತ ಆಯಿ."

"ತಕರಾರ?" ಆಯಿ ಮಾರುತಿ ಕಾಕಾನ ಮುಖ ನೋಡಿದಳು. "ನಮಗ ಯಾರ ಜೋಡಿ ತಕರಾರ ಐತಿ?"

"ಎಲ್ಲಿಂದ ಬಂತ ವೈನಿ. ಬಚ್ಚಲ ನೀರಿಂದ ಒಂದಿತ್ತು, ಅದೂ ನನ್ನ ಹೇಣ್ತಿ ಜೋಡಿ."

"ಅದು ಮುಗದ ಹೋಗೇತಿ. ಸರಕಾರಕ್ಕ ಅದನ್ನ ಹೇಳೂದ ಬ್ಯಾಡ."

ಇಬ್ಬರೂ ನಕ್ಕರು. ನಾನೂ ನಕ್ಕೆ. ನಮ್ಮ ಕಡೆ ತಕರಾರು ಅಂದರೆ ಜಗಳ. ಕಚೇರಿಯ ಕಾಗದದಲ್ಲಿ ತಕರಾರು ಅಂದರೆ ನಿನ್ನ ಹಕ್ಕಿಗೆ ನೀನು ಎತ್ತುವ ದನಿ. ಆ ಎರಡು ಅರ್ಥಗಳ ನಡುವೆ ಅವತ್ತು ಇದ್ದದ್ದು ನಾನೊಬ್ಬಳೇ. ಆಯಿ ಎದ್ದು ಬಂದು ಕಾಗದದ ನಡುವೆ ಬೆರಳಿಟ್ಟಳು.

"ನಡುವ ಇಷ್ಟುದ್ದ ಬರದಾರಲ್ಲ, ಅದೇನ್ ಬೇ?"

"ಸರಕಾರಿ ಮಾತ ಆಯಿ. ಸುಮ್ಮ ಬರೀತಾರ."

"ಸುಮ್ಮ ಯಾಕ ಬರೀತಾರ? ಮಸಿ ಹೆಚ್ಚಾಗೇತೇನ?"

"ಹೂಂ ಆಯಿ, ಎಲ್ಲಾ ಕಾಗದದಾಗೂ ಹಂಗ ಇರ್ತೈತಿ."

ಅವಳ ಬೆರಳು ಆ ಸಾಲಿನ ಮೇಲೆಯೇ ಇತ್ತು. ಕಾಕಾ ಬಸ್ಸು ಬಸ್ಸು ಎನ್ನುತ್ತಿದ್ದ. "ಬರಿ ಹಂಗಾರ. ತಕರಾರ ಏನೂ ಇಲ್ಲ ಅಂತ. ದಪ್ಪ ಅಕ್ಷರದಾಗ ಬರಿ" ಎಂದಳು. ಬರೆದೆ. ಅವಳು ರಾತ್ರಿ ಶಾಲೆಯಲ್ಲಿ ಕಲಿತ ಮೂರೇ ಅಕ್ಷರಗಳಲ್ಲಿ, ನಾಲಿಗೆ ಕಚ್ಚಿಕೊಂಡು, 'ಶಾಂತವ್ವ' ಎಂದು ಸಹಿ ಮಾಡಿದಳು. ಶಾ ಮುಂದಿನ ಸೊನ್ನೆ ಜೋಳದ ಕಾಳಿನಷ್ಟು ದೊಡ್ಡದಾಗಿತ್ತು. ಐದು ಗಂಟೆ ಎರಡು ನಿಮಿಷಕ್ಕೆ ನಾನು ಟಿವಿಯ ಮುಂದಿದ್ದೆ. ಆ ದಿನದ ಗುರುತು ಅರ್ಧ ಗೀಟು.

ಓಟಿನ ದಿನ ಆಯಿ ನನ್ನನ್ನೂ ಕರೆದುಕೊಂಡು ಹೋದಳು. ಟಿಕೋಟಾದ ಶಾಲೆಯಲ್ಲಿ ಹೆಂಗಸರ ಸಾಲು ಗೇಟಿನವರೆಗೆ ಇತ್ತು. ನಾನು ಅವಳ ಸೆರಗು ಹಿಡಿದು ನಿಂತು ತಲೆ ಎಣಿಸುತ್ತಿದ್ದೆ. ನಮ್ಮ ಮುಂದೆ ಇಪ್ಪತ್ತಾರು. ಸರದಿ ಬಂದಾಗ ಮೇಜಿನ ಅಧಿಕಾರಿ ಪಟ್ಟಿಯ ಮೇಲೆ ಸ್ಕೇಲು ಇಳಿಸಿದರು, ಏರಿಸಿದರು.

"ಇಲ್ರಿ ಅಜ್ಜಿ. ಹೆಸರ ತಗದಾರ."

"ಚಲೋತಂಗ ನೋಡ್ರಿ ಸಾಹೇಬ್ರ. ಶಾಂತವ್ವ. ಮೂರ ಅಕ್ಷರ."

ಹೊರಗೆ ಚೀಟಿ ಕೊಡುತ್ತಿದ್ದ, ಪಟ್ಟಿಯ ಕೆಲಸ ನೋಡುವ ಶಿಕ್ಷಕಿಯನ್ನು ಕರೆಸಿದರು. ಅವರು ಫೈಲು ತೆಗೆದು ಒಂದು ಕಾಗದ ಹೊರತೆಗೆದರು. ದೂರದಿಂದಲೇ ನನಗೆ ನನ್ನ ಅಕ್ಷರಗಳು ಕಂಡವು. ದಪ್ಪ ಅಕ್ಷರ.

"ನೀವ ಬರದ ಕೊಟ್ಟೀರಲ್ರಿ? ಈ ವಿಳಾಸದಾಗ ಇಲ್ಲ, ಹೆಸರ ಕೈಬಿಡ್ತೀವಿ ಅಂತ ತಿಳಿಸಿದ್ವಿ. ನೀವು ತಕರಾರ ಏನೂ ಇಲ್ಲ ಅಂತ ಬರದೀರಿ. ಸೈ ನಿಮ್ಮದ ಹೌದಿಲ್ಲೋ?"

ಆಯಿ ಕಾಗದವನ್ನು ನೋಡಿದಳು. ಅವಳ ಕಣ್ಣು ಹೋದದ್ದು ಸಹಿಯ ಕಡೆಗಲ್ಲ, ನಡುವಿನ ಸಾಲಿನ ಕಡೆಗೆ.

"ಸೈ ನಂದರಿ" ಎಂದಳು.

ಸಾಲಿನಲ್ಲಿ ಯಾರೋ, "ಓದಾಕ ಬರಲಿಲ್ಲಂದ್ರ ಹಿಂಗ ನೋಡ್ರಿ, ತಮ್ಮ ಹೆಸರ ತಾವ ಹೊಡಸ್ಕೊಂಡ ಬರ್ತಾರ" ಎಂದರು. ನಾಲ್ಕಾರು ಜನ ನಕ್ಕರು. ಅಧಿಕಾರಿ ನಗಲಿಲ್ಲ. ಅವರು ನನ್ನ ಕಡೆ ಬಾಗಿದರು.

"ನೀ ಮೊಮ್ಮಗಳೇನವಾ? ಸಾಲಿ ಕಲೀತಿ ಹೌದಿಲ್ಲೋ? ಅಜ್ಜಿಗೆ ಓದಿ ಹೇಳಬಾರದಿತ್ತಾ?"

ಆಗ ನಾನು ಹೇಳಿದ ಮಾತನ್ನು ದಿನಚರಿಯಲ್ಲಿ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಒಂದು ಅಕ್ಷರವೂ ಮರೆತಿಲ್ಲ.

"ಆಕಿಗಿ ಓದಿ ಹೇಳಿದ್ರೂ ತಿಳಿಯಂಗಿಲ್ರಿ. ಆಕಿ ಸಾಲಿ ಕಲ್ತಿಲ್ಲ."

ಸೆರಗು ಬಿಟ್ಟೆ. ಸಾಲು ಬಿಟ್ಟು ಹೊರಗೆ ಬಂದು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ನಿಂತೆ. ನಲ್ಲಿ ಸೋರುತ್ತಿತ್ತು. ಹನಿ ಎಣಿಸಿದೆ. ಒಳಗೆ ಆಯಿಯ ದನಿ ಕೇಳುತ್ತಿತ್ತು; ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಜಗಳದ ದನಿಯಲ್ಲ, ಬೇಡುವ ದನಿಯೂ ಅಲ್ಲ. ನಗು ನಿಂತಿತು. ಆಮೇಲೆ ಅಷ್ಟು ಜನರಿದ್ದ ಕೋಣೆಯಲ್ಲಿ ಸದ್ದೇ ಇರಲಿಲ್ಲ. ನೂರಾ ನಲವತ್ತನೆಯ ಹನಿಗೆ ಆಯಿ ಹೊರಗೆ ಬಂದಳು. "ನಡಿ" ಎಂದಳು. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಕೊಟ್ಟಳು.

ಸಂಜೆ ಕಾಲು ತೊಳೆದು ಪಟದ ಮುಂದೆ ನಿಂತಳು. ಎಡಗೈಯನ್ನು ಸ್ವಲ್ಪ ಎತ್ತಿದಳು. ಬೆರಳು ಖಾಲಿ ಇತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಏನೂ ಹೇಳದೆ, ನೀರೂ ಕುಡಿಯದೆ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ, "ಅವ್ವಾ, ಬಟ್ಟ ತೋರಸ" ಎಂದು ಮಸಿಯ ಬೆರಳು ನೋಡಲು ಆಯಿಯ ಕಡೆ ಬಾಗಿದ.

"ಹೆಸರ ತಪ್ಪೇತಪ್ಪ."

"ಯಾರ್ ತಪ್ಪಿಸಿದ್ರು?"

"ಯಾರೂ ಇಲ್ಲ. ತಪ್ಪೇತಿ, ಇಷ್ಟ."

ನಾನು ರೊಟ್ಟಿಯ ತುಂಡನ್ನು ಬಾಯಲ್ಲಿಟ್ಟುಕೊಂಡು ಅವಳ ಮುಂದಿನ ಮಾತಿಗೆ ಕಾದೆ. ಅವಳು ಅಪ್ಪನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವತ್ತು ನಾಲ್ಕೂವರೆಗೆ ನಾನು ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದೆ. ಆಯಿ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು. "ನಿಂದ ಅಭ್ಯಾಸ ಭಾಳ ಇರ್ತೈತಿ. ಕಾರ್ಟೂನ ನೋಡ ಹೋಗವಾ" ಎಂದಳು. ಚಂದವ್ವನ ಸೊಸೆ ಸುಜಾತಾಳ ಹತ್ತಿರ ಹೋಗಿ ಓದಿಸಿಕೊಂಡಳು. ಮುಖ್ಯವಾದ ಸುದ್ದಿಯಿದ್ದರೆ ಅದನ್ನೇ ಮರುದಿನ ಚಹಾದಂಗಡಿಯವನಿಂದ ಇನ್ನೊಮ್ಮೆ ಓದಿಸಿ, ಇಬ್ಬರ ಓದೂ ಕೂಡಿತೋ ಇಲ್ಲವೋ ಎಂದು ನೋಡುತ್ತಿದ್ದಳು. ನನಗೆ ಮತ್ತೆಂದೂ ಓದು ಎನ್ನಲಿಲ್ಲ. ಗೀಟುಗಳು ಅಲ್ಲಿಗೆ ಮುಗಿಯುತ್ತವೆ.

ಅಪ್ಪ ಆಯಿಯ ಹೆಸರನ್ನು ವಿಜಯಪುರದ ಪಟ್ಟಿಗೆ ಸೇರಿಸಿದ. ಮುಂದೆ ಅವಳು ಇಲ್ಲಿ ಓಟು ಹಾಕಿದಳು, ಬೆರಳನ್ನು ಚೌಕಟ್ಟಿಗೂ ಮುಟ್ಟಿಸಿದಳು. "ಇಲ್ಲಿ ಸಾಲಿನಾಗ ಯಾರ ಗುರ್ತೂ ಇಲ್ಲ" ಎಂದು ಒಮ್ಮೆ ಚಂದವ್ವನಿಗೆ ಹೇಳಿದ್ದು ಕೇಳಿದ್ದೇನೆ.

ಹೈಸ್ಕೂಲಿನಲ್ಲಿ ನನಗೆ ಹದಿನೈದು. ಭಾಷಣ ಸ್ಪರ್ಧೆಯ ವಿಷಯ, ಮಾಹಿತಿ ಸಿಗದಿದ್ದರೆ ಜನ ಅಜ್ಞಾನಿ ಪ್ರಜೆಗಳಾಗುತ್ತಾರೆಯೇ ಎಂಬುದು. ನಾನು ಹೌದು ಎಂಬ ಪಕ್ಷ ತೆಗೆದುಕೊಂಡೆ. ಉದಾಹರಣೆ ಬೇಕಿತ್ತು. ಓದು ಬರದ ಮುದುಕಿಯೊಬ್ಬಳು ತನ್ನ ಹೆಸರನ್ನು ತೆಗೆದುಹಾಕುವ ಕಾಗದಕ್ಕೆ ತಾನೇ ಸಹಿ ಹಾಕಿ, ನನಗೆ ಯಾರೊಂದಿಗೂ ಜಗಳವಿಲ್ಲ ಎಂದಳಂತೆ ಎಂದು ಹೇಳಿದೆ. ಸಭೆ ನಕ್ಕಿತು. ಚಪ್ಪಾಳೆ ಬಿತ್ತು. ಎರಡನೆಯ ಸಾಲಿನ ಜಮಖಾನೆಯ ಮೇಲೆ ಅವ್ವನ ಮಗ್ಗುಲಿಗೆ ಆಯಿ ಕೂತಿದ್ದಳು. ಕೇಳುವುದೇ ಅವಳ ಓದು. ಅವಳು ಒಂದೂ ಮಾತು ಬಿಡದೆ ಕೇಳುತ್ತಿದ್ದಳು. ಬಹುಮಾನವಾಗಿ ನನಗೆ ಒಂದು ಸ್ಟೀಲಿನ ತಾಟು ಕೊಟ್ಟರು. ಮನೆಯವರೆಗೆ ಅದನ್ನು ಆಯಿಯೇ ಸೆರಗಿನಲ್ಲಿ ಹಿಡಿದು ತಂದಳು. ಅವ್ವ ನೀರು ತರಲು ಒಳಗೆ ಹೋದಾಗ, ತಾಟಿನ ಮೇಲೆ ಕೊರೆದ ಅಕ್ಷರಗಳನ್ನು ಬೆರಳಿನಿಂದ ಸವರುತ್ತ ಅಂದಳು:

"ಚಂದ ಮಾತಾಡ್ದಿ. ಒಂದ ಸಾಲ ಬಿಟ್ಟಿ."

ಅದಕ್ಕೆ ನಾನು ಉತ್ತರ ಕೊಡಬಹುದಾಗಿದ್ದ ದಿನಗಳನ್ನು ಎಣಿಸಲು ಹೋಗಿ ನಿನ್ನೆ ಅರ್ಧಕ್ಕೆ ಬಿಟ್ಟೆ. ಕೊನೆಯವರೆಗೂ ಅವಳು ಆ ತಾಟಿನಲ್ಲೇ ಉಂಡಳು. ಏನು ಬರೆದಿದ್ದಾರೆ ಎಂದು ನನ್ನನ್ನು ಕೇಳಲಿಲ್ಲ. ಸುಜಾತಾಳ ಹತ್ತಿರ ಓದಿಸಿಕೊಂಡಿದ್ದಳು.

ಭಾಷಣದ ಆ ಪ್ರಶ್ನೆಗೆ ಇಂದು ನನ್ನಲ್ಲಿರುವುದು ನೋಟ್‌ಬುಕ್ಕಿನ ಅಂಚು ಮಾತ್ರ: ಏಳು, ಒಂಬತ್ತು, ಹನ್ನೊಂದು, ಹದಿನಾಲ್ಕು. ಅಷ್ಟು ಕೇಳಿದವಳಿಗೆ ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಧ ಗೀಟು ಮತ್ತು ಸೊನ್ನೆ. ಅಕ್ಷರ ಬರುತ್ತಿದ್ದ ನಾನು ಆ ಐದು ವರ್ಷದಲ್ಲಿ ಪೇಪರಿಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಹುಡುಕಿದೆ, ಎಲ್ಲಿಯೂ ಬರೆದಿಲ್ಲ.

ಈಗ ಎಂಟು ಗಂಟೆ ನಲವತ್ತು ನಿಮಿಷ. ಅಂಗಡಿ ತೆರೆಯುವ ಹೊತ್ತಾಯಿತು. ಒಂದು ಲೆಕ್ಕ ಮಾತ್ರ ನನ್ನಿಂದ ಆಗುವುದಿಲ್ಲ. ಓಟಿನ ಆ ದಿನ ಟಿಕೋಟಾದ ಶಾಲೆಯಲ್ಲಿ, ನಾನು ನಲ್ಲಿಯ ಹನಿ ಎಣಿಸುತ್ತಿದ್ದಾಗ, ನೀಲಿ ಅಂಚಿನ ಬಿಳಿ ಸೀರೆಯ ಶಾಂತವ್ವ ಮೇಜಿನ ಮುಂದೆ ನಿಂತು ಏನು ಹೇಳಿದಳು? ನಗು ಯಾಕೆ ನಿಂತಿತು? ಆ ಸಾಲಿನಲ್ಲಿ ನಿಂತಿದ್ದವರು, ಅವಳ ಮುಂದೆ ಇದ್ದವರು, ಹಿಂದೆ ಇದ್ದವರು, ನಕ್ಕವರೂ ಸಹ, ಯಾರಿಗಾದರೂ ನೆನಪಿದ್ದರೆ ದಯವಿಟ್ಟು ನನಗೆ ಬರೆಯಿರಿ. ನನ್ನ ಬಗ್ಗೆ ಅಂದಿದ್ದರೂ ಬರೆಯಿರಿ. ಮೊದಲಿನಿಂದ ಕೊನೆಯವರೆಗೆ, ಅವಳು ಅಂದ ಹಾಗೆಯೇ. ನಡುವೆ ಏನನ್ನೂ ಬಿಡಬೇಡಿ.